ಆಯುಧಪೂಜೆ ಮುಗಿದ ಮೇಲೆ ಬಂದ ವೈರಸ್

ಬಾಗಿಲು ತೆಗೆದಾಗ ಕಡಲೆಪುರಿ ಇನ್ನೂ ನೆಲದ ಮೇಲೇ ಇತ್ತು. ಮೆಟ್ಟಿಲ ಬುಡದಲ್ಲಿ ಒಡೆದಿದ್ದ ಬೂದುಗುಂಬಳದ ಕುಂಕುಮ ಒಣಗಿ ಕಲೆಯಾಗಿತ್ತು. ಆಯುಧಪೂಜೆ, ವಿಜಯದಶಮಿ ಎರಡೂ ಮುಗಿದು, ಯಲಹಂಕದ ಹಳೇ ಊರಿನ ಬೇಕರಿಯೊಂದರ ಮೇಲಿರುವ ನಮ್ಮ ವಾರಪತ್ರಿಕೆಯ ಕಚೇರಿ ಮತ್ತೆ ಕೆಲಸ ಶುರುಮಾಡಿದ ಬೆಳಿಗ್ಗೆ ಅದು. ಆ ದಿನ ಸಂಜೆಯೊಳಗೆ ವಿಶೇಷಾಂಕದ ಎಂಟು ಪುಟಗಳು ಮುದ್ರಣಾಲಯ ಸೇರಬೇಕಿತ್ತು. ಸರದಿ ತಪ್ಪಿದರೆ ದೀಪಾವಳಿಯ ಜಾಹೀರಾತು ಪುರವಣಿಗಳ ಹಿಂದೆ ನಿಲ್ಲಬೇಕಾಗುತ್ತದೆ ಎಂದು ಮುದ್ರಣಾಲಯದವರು ಮೊದಲೇ ಹೇಳಿಬಿಟ್ಟಿದ್ದರು.

ಕಚೇರಿಯಲ್ಲಿ ನಾವು ನಾಲ್ಕೇ ಜನ. ಸಂಪಾದಕರು ಯಲಹಂಕದ ಹಳೇ ಮನೆತನದವರು. ಕಟ್ಟಡವೂ ಅವರದೇ, ಪತ್ರಿಕೆಯೂ ಅವರದೇ. ವರದಿಗಾರ ಪುಟ್ಟೇನಹಳ್ಳಿಯವನು. ಪುಟ ಕಟ್ಟುವವರು ದಿನವೂ ಆರ್.ಟಿ. ನಗರದಿಂದ ಬಸ್ಸಿನಲ್ಲಿ ಬರುವ ಹೆಣ್ಣುಮಗಳು. ಅವರನ್ನು ಇಲ್ಲಿ ವಿನ್ಯಾಸಕಿ ಎಂದು ಕರೆಯುತ್ತೇನೆ. ನಾನು ಉಪಸಂಪಾದಕ. ಬೇರೆಯವರು ಬರೆದದ್ದನ್ನು ಓದಿ ಕೆಂಪು ಪೆನ್ನಿನಲ್ಲಿ ಗುರುತು ಹಾಕುವುದು ನನ್ನ ಕೆಲಸ.

ಆ ವಿಶೇಷಾಂಕ ಪೂರ್ತಿ ವಿನ್ಯಾಸಕಿಯದು. ನಮ್ಮ ಸುತ್ತಲಿನ ಹಳೇ ಊರುಗಳು ಬಡಾವಣೆಗಳಾಗುವ ಮೊದಲು ಹೇಗಿದ್ದವು ಎಂಬುದನ್ನು ಮನೆಗಳ ಗೋಡೆಯ ಮೇಲಿನ ಫೋಟೋಗಳಿಂದಲೇ ಹೇಳಬೇಕು ಎನ್ನುವುದು ಅವರ ಯೋಚನೆ. ತಿಂಗಳುಗಟ್ಟಲೆ ರಜೆಯ ದಿನಗಳಲ್ಲಿ ಅಕ್ಕಪಕ್ಕದ ಸಿಂಗಾಪುರ, ಪುಟ್ಟೇನಹಳ್ಳಿ ಎಂದು ತಿರುಗಿ, ಕಟ್ಟು ಹಾಕಿಸಿದ ಫೋಟೋಗಳನ್ನು ಇಳಿಸಿಕೊಂಡು, ಸ್ಕ್ಯಾನ್ ಮಾಡಿ, ಮತ್ತೆ ಅದೇ ಮೊಳೆಗೆ ನೇತುಹಾಕಿ ಬಂದಿದ್ದರು. ಮೊದಲ ಪುಟದಲ್ಲಿ ಅವರ ಹೆಸರು ಬರುವುದಿತ್ತು. ಅಷ್ಟೂ ಫೋಟೋಗಳು, ಅಷ್ಟೂ ಬರಹ ಇದ್ದದ್ದು ಅವರು ಕೂರುವ ಕಂಪ್ಯೂಟರಿನಲ್ಲಿ. ಇನ್ನೊಂದು ಪ್ರತಿ ಇದ್ದದ್ದು ಅವರ ಪೆನ್‌ಡ್ರೈವಿನಲ್ಲಿ. ಆ ಪೆನ್‌ಡ್ರೈವಿನ ಮಾತು ಮುಂದೆ ಬರುತ್ತದೆ.

ಏಳನೇ ಪುಟದಲ್ಲಿದ್ದದ್ದು ಸಿಂಗಾಪುರದ ಒಬ್ಬ ತಾಯಿಯ ಫೋಟೋ. ಊರಿಗೆ ಮೊದಲ ಕೈಪಂಪು ಬಂದ ದಿನ ಅದರ ಹಿಡಿಕೆಯ ಮೇಲೆ ಕೈಯಿಟ್ಟು, ಬಾಯ್ತುಂಬ ನಗುತ್ತಾ ನಿಂತಿದ್ದಾರೆ. ಅವರ ಮಗ ಈಗ ನೀರಿನ ಟ್ಯಾಂಕರ್‌ಗಳ ಮಾಲೀಕರು. ನಾವು ಸ್ಕ್ಯಾನ್ ಮಾಡಿಕೊಂಡು ಬಂದ ಮೇಲೆ ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಆ ಫೋಟೋ ಬಣ್ಣದ ಬಕೆಟ್ಟಿಗೆ ಬಿದ್ದು ಹಾಳಾಯಿತು. ಹಾಗಾಗಿ ಆ ಮುಖ ಉಳಿದಿದ್ದದ್ದು ನಮ್ಮಲ್ಲಿ ಮಾತ್ರ.

ಇನ್ನು ಪೂಜೆಯ ಕ್ರಮ. ಇದನ್ನು ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ಪೂಜೆಗೆ ಕೂತ ಆಯುಧದಲ್ಲಿ ಕರೆಂಟ್ ಇರಬಾರದು ಎನ್ನುವುದು ನಮ್ಮ ಸಂಪಾದಕರ ನಿಯಮ. ಕಂಪ್ಯೂಟರುಗಳ ಪ್ಲಗ್ ಕಿತ್ತು, ಯುಪಿಎಸ್ ಆರಿಸಿ, ಕೊನೆಗೆ ಮೇನ್ ಸ್ವಿಚ್ಚನ್ನೂ ಇಳಿಸುತ್ತಾರೆ. ಎರಡು ಕಂಪ್ಯೂಟರ್, ಕ್ಯಾಮೆರಾ, ಸ್ಟೇಪ್ಲರ್, ನನ್ನ ಕೆಂಪು ಪೆನ್ನುಗಳು ಎಲ್ಲ ಮೇಜಿನ ಮೇಲೆ ಸಾಲಾಗಿ ಕೂರುತ್ತವೆ. ಎಲ್ಲಕ್ಕೂ ಕುಂಕುಮ. ಈಗಿನ ಚಪ್ಪಟೆ ಮಾನಿಟರುಗಳ ಮೇಲೆ ಹೂ ನಿಲ್ಲುವುದಿಲ್ಲವಾದ್ದರಿಂದ ಒಂದೊಂದು ದಪ್ಪ ಸೇವಂತಿಗೆಯನ್ನು ಪರದೆಯ ಬಲಗಡೆ ಕೆಳಮೂಲೆಗೆ ಸೆಲ್ಲೋಟೇಪಿನಿಂದ ಅಂಟಿಸುತ್ತಾರೆ. ಅದು ಒಣಗಿ ತಾನಾಗಿ ಬೀಳುವವರೆಗೆ ಯಾರೂ ಕೀಳುವಂತಿಲ್ಲ. ವಿಜಯದಶಮಿಯ ದಿನವೂ ಏನನ್ನೂ ಮುಟ್ಟುವಂತಿಲ್ಲ. ಈ ಸಲ ಪೂಜೆಗೆ ಬಾರದೇ ಉಳಿದದ್ದು ವರದಿಗಾರನ ಲ್ಯಾಪ್‌ಟಾಪ್ ಒಂದೇ. ದಸರಾ ಬೊಂಬೆಗಳ ಸುದ್ದಿ ಮಾಡಲು ಅದನ್ನು ಹೊತ್ತುಕೊಂಡು ಹೋಗಿದ್ದ, ಅದಕ್ಕಾಗಿ ಬೈಸಿಕೊಂಡೂ ಇದ್ದ.

ಬೆಳಿಗ್ಗೆ ಮೊದಲು ಬಂದವರು ವಿನ್ಯಾಸಕಿ. ಹಬ್ಬದ ಮೊದಲೇ ಪ್ರೂಫ್ ಮುಗಿದಿದ್ದ ಏಳನೇ ಪುಟವನ್ನು ತೆರೆದು, ಮುದ್ರಣಕ್ಕೆ ಬೇಕಾದ ಪಿಡಿಎಫ್ ಮಾಡಿಟ್ಟು, ಅದನ್ನು ಕಳಿಸಲು ಮುದ್ರಣಾಲಯದ ವೆಬ್‌ಸೈಟ್ ತೆರೆಯಹೋದರು. ನಾನು ಬ್ಯಾಗು ಕೆಳಗಿಡುವಷ್ಟರಲ್ಲಿ ಕೂಗಿದರು.

"ಸಾರ್, ಸ್ವಲ್ಪ ಬನ್ನಿ ಇಲ್ಲಿ. ಯಾರೋ ಅಟ್ಯಾಕ್ ಮಾಡ್ತಿದಾರಂತೆ."

ಪರದೆಯ ಮೇಲೆ ಕೆಂಪು ತ್ರಿಕೋನವೊಂದು ಇತ್ತು. ಅದರ ಕೆಳಗೆ ಇಂಗ್ಲಿಷಿನಲ್ಲಿ: ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ. ದಾಳಿಕೋರರು ನಿಮ್ಮ ಮಾಹಿತಿಯನ್ನು ಕದಿಯಲು ಪ್ರಯತ್ನಿಸುತ್ತಿರಬಹುದು. ಇನ್ನೂ ಕೆಳಗೆ ಸಣ್ಣ ಅಕ್ಷರದಲ್ಲಿ, ನಡುನಡುವೆ ಗೀಟು ಹಾಕಿದ ಒಂದು ಸಂಕೇತ. ದಾಳಿಕೋರರು ಎಂಬ ಮಾತು ಕಂಡ ಮೇಲೆ ಸಣ್ಣ ಅಕ್ಷರ ಓದುವ ವ್ಯವಧಾನ ನಮ್ಮಿಬ್ಬರಿಗೂ ಇರಲಿಲ್ಲ.

ಸಂಪಾದಕರು ಬಂದು, ಕನ್ನಡಕ ಏರಿಸಿ ಓದಿದರು.

"ಖಾಸಗಿ ಆಗಿಲ್ಲ ಅಂದ್ರೆ ಏನಮ್ಮ? ನಮ್ದು ಪತ್ರಿಕೆ. ಖಾಸಗಿ ಆಗೋಕೆ ನಾವೇನ್ ಬ್ಯಾಂಕ್ ಇಟ್ಟಿದೀವಾ?"

"ಅದಲ್ಲ ಅಣ್ಣ, ಸೈಟೇ ಓಪನ್ ಆಗ್ತಿಲ್ಲ. ಮೇಲ್ ಕೂಡ ಇಲ್ಲ. ಯಾವ್ದು ಒತ್ತಿದ್ರೂ ಇದೇ ಬರ್ತಿದೆ."

ಅದೇ ಹೊತ್ತಿಗೆ ಪರದೆಯ ಕೆಳಗಿನಿಂದ ಇನ್ನೊಂದು ಚೌಕ ಎದ್ದಿತು. ನಮ್ಮ ವೈರಸ್ ನಿರೋಧಕ ತಂತ್ರಾಂಶದ್ದು. ನಿಮ್ಮ ಪರವಾನಗಿ ಮಾನ್ಯವಾಗಿಲ್ಲ, ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ ಎಂದು ಅದು ಹೇಳಿತು. ಹೋದ ತಿಂಗಳಷ್ಟೇ ಅದನ್ನು ನವೀಕರಿಸಿದ್ದೆವು.

ಮೂರನೆಯದು ಇನ್ನೂ ವಿಚಿತ್ರ. ಆಗತಾನೆ ಮಾಡಿಟ್ಟ ಏಳನೇ ಪುಟದ ಪಿಡಿಎಫ್ ಕಾಣಿಸಲಿಲ್ಲ. ವಿನ್ಯಾಸಕಿ ಫೈಲುಗಳನ್ನು ಹೊಸದು ಮೇಲೆ, ಹಳೆಯದು ಕೆಳಗೆ ಬರುವಂತೆ ಜೋಡಿಸಿಟ್ಟುಕೊಳ್ಳುತ್ತಾರೆ. ಮೇಲೆ ಇರಬೇಕಾದದ್ದು ಅಲ್ಲಿರಲಿಲ್ಲ.

"ತಿಂದ್ಬಿಟ್ಟಿದೆ ಸಾರ್," ಎಂದರು, ಮೆಲ್ಲಗೆ.

ಸಂಪಾದಕರ ಕಣ್ಣು ಹೋದದ್ದು ಪೆನ್‌ಡ್ರೈವಿನ ಮೇಲೆ. ಹಬ್ಬದ ಮುಂಚೆ ವಿನ್ಯಾಸಕಿ ಅದನ್ನು ಫ್ಲೆಕ್ಸ್ ಅಂಗಡಿಗೆ ಕೊಟ್ಟು ತಂದಿದ್ದರು. ಫ್ಲೆಕ್ಸ್ ಅಂಗಡಿಯ ಕಂಪ್ಯೂಟರಿಗೆ ಊರಿನ ಪೆನ್‌ಡ್ರೈವ್‌ಗಳೆಲ್ಲ ಬಂದು ಹೋಗುತ್ತವೆ. ಹಿಂದೊಮ್ಮೆ ಇಂಥದೇ ದಾರಿಯಲ್ಲಿ ಬಂದ ವೈರಸ್ಸೊಂದು ನಮ್ಮ ಮುದ್ರಣಾಲಯಕ್ಕೂ ಹೋಗಿ, ಅಲ್ಲಿನ ಫೈಲುಗಳನ್ನೆಲ್ಲ ಖಾಲಿ ಚಿಹ್ನೆಗಳನ್ನಾಗಿ ಮಾಡಿತ್ತು. ಅಂದಿನಿಂದ ಅವರು ಪೆನ್‌ಡ್ರೈವ್ ಮುಟ್ಟುವುದಿಲ್ಲ. ಪುಟಗಳು ವೆಬ್‌ಸೈಟಿನ ಮೂಲಕವೇ ಹೋಗಬೇಕು. ನಮ್ಮ ಸಂಪಾದಕರೂ ಅಂದೇ, ಜಾಹೀರಾತಿನ ಲೆಕ್ಕ ಇರುವ ಎರಡನೇ ಕಂಪ್ಯೂಟರಿನಲ್ಲಿ ಪೆನ್‌ಡ್ರೈವ್ ಹಾಕುವ ಕಿಂಡಿಗಳಿಗೆಲ್ಲ ಟೇಪು ಸುತ್ತಿಸಿದ್ದರು.

"ನಾನ್ ಹೇಳಿದ್ನಲ್ಲಮ್ಮ, ಫ್ಲೆಕ್ಸ್ ಅಂಗಡಿಗೆ ಅದನ್ನ ಕೊಡಬೇಡ ಅಂತ?"

"ನೀವೇ ಅಲ್ವಾ ಅಣ್ಣ ಹಬ್ಬದ ಶುಭಾಶಯದ ಬ್ಯಾನರ್ ಮಾಡಿಸ್ಕೊಂಡ್ ಬಾ ಅಂದಿದ್ದು. ನಿಮ್ಮ ಫೋಟೋನೇ ತಾನೆ ಇದ್ದಿದ್ದು ಅದ್ರಲ್ಲಿ?"

ಸಂಪಾದಕರು ಪೆನ್‌ಡ್ರೈವನ್ನು ಕರ್ಚೀಫಿನಲ್ಲಿ ಹಿಡಿದೆತ್ತಿ, ಬೇಕರಿಯ ಬನ್ನು ಬಂದಿದ್ದ ಪ್ಲಾಸ್ಟಿಕ್ ಕವರಿಗೆ ಹಾಕಿ, ಗಂಟು ಕಟ್ಟಿ, ಕಿಟಕಿಯ ಹೊರಗಿನ ಸಜ್ಜೆಯ ಮೇಲೆ ಇಟ್ಟರು. ವೈರಸ್ ಎಂಬ ಮಾತಿಗೆ ನಾವು ಕಲಿತಿದ್ದ ಎಚ್ಚರಿಕೆಗಳೆಲ್ಲ ಒಟ್ಟಿಗೆ ನೆನಪಾಗಿದ್ದವು. ವರದಿಗಾರ ಒಳಗೆ ಬಂದವನು ವಿಷಯ ಕೇಳಿ, ತನ್ನ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ದೂರದ ಕುರ್ಚಿಯಲ್ಲಿ ಕೂತ.

"ಗುರು, ಇದಕ್ಕೆ ಮಾತ್ರ ಏನೂ ಚುಚ್ಬೇಡ್ರಪ್ಪ. ಕಂತು ಇನ್ನೂ ಮುಗಿದಿಲ್ಲ."

ಕಂಪ್ಯೂಟರ್ ರಿಪೇರಿ ಮಾಡುವವರು ಯಶವಂತಪುರದಲ್ಲಿದ್ದಾರೆ. ಸಂಪಾದಕರು ಫೋನನ್ನು ಸ್ಪೀಕರಿಗೆ ಹಾಕಿದರು. ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಅವರು, "ಲಕ್ಷಣ ನೋಡಿದ್ರೆ ವೈರಸ್ಸೇ ಅನ್ಸತ್ತೆ ಸಾರ್. ಯಾವ್ದಕ್ಕೂ ಇರ್ಲಿ, ಎರಡೂ ಫಾರ್ಮ್ಯಾಟ್ ಹೊಡ್ದು ಎಲ್ಲಾ ಅಳಿಸ್ಬಿಡೋಣ, ಮಧ್ಯಾಹ್ನ ಬರ್ತೀನಿ. ಡೇಟಾ ಏನಾದ್ರೂ ಬೇಕಾಗಿದ್ರೆ ತೆಗ್ದಿಟ್ಕೊಳಿ," ಎಂದರು.

"ಎಲ್ಲಿಗೆ ತೆಗ್ದಿಡೋದು?" ಎಂದು ವಿನ್ಯಾಸಕಿ ಕೇಳುವಷ್ಟರಲ್ಲಿ ಫೋನ್ ಕಟ್ಟಾಗಿತ್ತು. ಪೆನ್‌ಡ್ರೈವ್ ಸಜ್ಜೆಯ ಮೇಲಿತ್ತು, ಇಂಟರ್ನೆಟ್ ಇರಲಿಲ್ಲ, ಲ್ಯಾಪ್‌ಟಾಪ್ ವರದಿಗಾರನ ತೋಳಿನಲ್ಲಿತ್ತು.

ಸಂಪಾದಕರು ಕೆಟ್ಟವರಲ್ಲ. ಅವರ ಲೆಕ್ಕ ಸರಳವಾಗಿತ್ತು. ಕಂಪ್ಯೂಟರುಗಳು ಸರಿಯಾದರೆ ಸಾಮಾನ್ಯ ಸಂಚಿಕೆಯನ್ನಾದರೂ ಕಟ್ಟಿ ಸಂಜೆಯ ಸರದಿ ಉಳಿಸಿಕೊಳ್ಳಬಹುದು. ರೋಗ ಹತ್ತಿದ ವಿಶೇಷಾಂಕವನ್ನು ಮುದ್ರಣಾಲಯಕ್ಕೆ ಕಳಿಸಿದರೆ ಅವರು ನಮ್ಮನ್ನು ಇನ್ನೆಂದೂ ಹತ್ತಿರ ಸೇರಿಸುವುದಿಲ್ಲ. "ಫೋಟೋ ಮತ್ತೆ ಸ್ಕ್ಯಾನ್ ಮಾಡಿದ್ರಾಯ್ತಮ್ಮ. ಮುಂದಿನ ವರ್ಷ ಮಾಡೋಣ," ಎಂದರು.

ವಿನ್ಯಾಸಕಿ ಕೀಬೋರ್ಡಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಕಡಲೆಪುರಿಯೊಂದನ್ನು ಪಿನ್ನಿನಿಂದ ತೆಗೆಯುತ್ತಾ ಕೂತರು.

ಅಷ್ಟರಲ್ಲಿ ನನಗೆ ಸಿಂಗಾಪುರದ ಟ್ಯಾಂಕರ್ ಮಾಲೀಕರ ಫೋನು ಬಂತು. ವರದಿಗಾರ ನಡುವೆ ಟೀ ಕುಡಿಯಲು ಹೋದಾಗ ಅಂಗಡಿಯಲ್ಲಿ ಯಾರಿಗೋ ಹೇಳಿದ್ದ. ಸುದ್ದಿ ನಮಗಿಂತ ಬೇಗ ಊರು ತಲುಪಿತ್ತು.

"ಸಾರ್, ನಿಮ್ ಆಫೀಸ್ಗೆ ವೈರಸ್ ಬಂದೈತಂತೆ. ನಮ್ ಅವ್ವನ ಫೋಟೋಗೂ ಅತ್ಕೊಂಡೈತಾ?"

"ಇನ್ನೂ ಗೊತ್ತಿಲ್ಲ. ನೋಡ್ತಿದೀವಿ."

"ನೋಡಿ ಸಾರ್. ಅವ್ವಂಗೆ ಒಂದ್ ದಿನ ಜರ ಅಂತ ಬಂದಿದ್ದಿಲ್ಲ. ಈಗ ಇಂಗಾದ್ರೆ ಎಂಗೆ?"

ಫೋನಿಟ್ಟ ಮೇಲೆ ನಾನು ಸಂಪಾದಕರ ಬಳಿಗೆ ಹೋದೆ. ನಮ್ಮ ಪತ್ರಿಕೆಯಲ್ಲಿ ಒಂದು ನಿಯಮವಿದೆ. ಅದನ್ನು ಮಾಡಿದವರೂ ಅವರೇ. ಎರಡು ಕಡೆಯಿಂದ ಖಚಿತವಾಗದೆ ಯಾವ ಸುದ್ದಿಯನ್ನೂ ಅಚ್ಚು ಹಾಕುವಂತಿಲ್ಲ. ಈ ನಿಯಮದಿಂದಾಗಿ ಎಷ್ಟೋ ಒಳ್ಳೆಯ ಸುದ್ದಿಗಳನ್ನು ಕಳೆದುಕೊಂಡಿದ್ದೇವೆ, ಎಷ್ಟೋ ಸುಳ್ಳು ಸುದ್ದಿಗಳಿಂದ ಬಚಾವಾಗಿದ್ದೇವೆ.

"ವೈರಸ್ ಅನ್ನೋದಕ್ಕೆ ಎರಡನೇ ಮೂಲ ಯಾವ್ದು ಅಣ್ಣ?" ಎಂದೆ.

"ಯಶವಂತಪುರದವ್ರು ಹೇಳಿದ್ರಲ್ರೀ."

"ಅವ್ರು ಹೇಳಿದ್ದು ನಾವು ಹೇಳಿದ್ದನ್ನ ಕೇಳ್ಕೊಂಡು. ಮೂಲ ಒಂದೇ ಆಯ್ತು. ಅವ್ರು ಬರೋವರೆಗೂ ನಂಗೆ ಟೈಮ್ ಕೊಡಿ."

ಅವರು ಗೋಡೆ ಗಡಿಯಾರ ನೋಡಿದರು. "ಅವ್ರು ಬಂದ್ಮೇಲೆ ಒಂದ್ನಿಮಿಷ ಜಾಸ್ತಿ ಕೊಡಲ್ಲ," ಎಂದರು.

ನನಗೆ ಕಂಪ್ಯೂಟರಿನ ಒಳಗಿನ ವಿದ್ಯೆ ಗೊತ್ತಿಲ್ಲ. ಗೊತ್ತಿರುವುದು ವಿಚಾರಿಸುವುದು. ಏನಾಯಿತು, ಎಲ್ಲಿ ಆಯಿತು, ಎಲ್ಲಿ ಆಗಲಿಲ್ಲ, ಕೊನೆಯ ಸಲ ಸರಿಯಿದ್ದದ್ದು ಯಾವಾಗ. ಅಪಘಾತದ ಸುದ್ದಿ ಮಾಡುವಾಗಲೂ ನಾವು ಕೇಳುವುದು ಇಷ್ಟೇ.

ಮೊದಲು ನನ್ನ ಮೊಬೈಲಿನಲ್ಲಿ ಮುದ್ರಣಾಲಯದ ವೆಬ್‌ಸೈಟ್ ತೆರೆದೆ. ತೆರೆಯಿತು. ದೋಷ ಅವರದಲ್ಲ ಎಂದಾಯಿತು. ಆಮೇಲೆ ವರದಿಗಾರನನ್ನು ಒಪ್ಪಿಸಿ, ಅವನ ಲ್ಯಾಪ್‌ಟಾಪನ್ನು ಕಚೇರಿಯ ವೈಫೈಗೆ ಸೇರಿಸಿದೆ. ಅಲ್ಲೂ ತೆರೆಯಿತು. ದೋಷ ನಮ್ಮ ಇಂಟರ್ನೆಟ್ಟಿನದೂ ಅಲ್ಲ. ವಿನ್ಯಾಸಕಿಯ ಕಂಪ್ಯೂಟರಿನಲ್ಲಿ ಬೇರೆ ಬ್ರೌಸರ್ ಹಾಕಿ ನೋಡಿದೆವು: ಅದೇ ಕೆಂಪು ತ್ರಿಕೋನ, ಅದೇ ದಾಳಿಕೋರರು. ಕೊನೆಗೆ ಜಾಹೀರಾತಿನ ಕಂಪ್ಯೂಟರಿನ ಮುಂದೆ ಕೂತೆ. ಅದರಲ್ಲೂ ತೆರೆಯಲಿಲ್ಲ.

ಇಲ್ಲಿ ನಾನು ನಿಂತೆ. ಈ ಕಂಪ್ಯೂಟರಿನ ಕಿಂಡಿಗಳ ಮೇಲಿನ ಟೇಪು ಹಾಗೇ ಇತ್ತು, ಅದರ ಅಂಚಿನಲ್ಲಿ ಎರಡು ವರ್ಷದ ಧೂಳು ಕೂತಿತ್ತು. ಇದಕ್ಕೆ ಯಾವ ಪೆನ್‌ಡ್ರೈವೂ ಹೋಗಿಲ್ಲ. ಹಾಗಾದರೆ ಫ್ಲೆಕ್ಸ್ ಅಂಗಡಿಯ ರೋಗ ಇದಕ್ಕೆ ಬಂದದ್ದು ಹೇಗೆ?

"ಇವೆರಡಕ್ಕೂ ಆಗಿದ್ದು, ಲ್ಯಾಪ್‌ಟಾಪಿಗೆ ಆಗ್ದೇ ಇದ್ದಿದ್ದು ಏನು?" ಎಂದು ಎಲ್ಲರಿಗೂ ಕೇಳುವಂತೆ ಕೇಳಿದೆ.

ಕಾಲು ಚಾಚಿ ಕೂತಿದ್ದ ವರದಿಗಾರ ಸಂಪಾದಕರತ್ತ ತಿರುಗಿದ. "ಹೇಳ್ಲಾ ಅಣ್ಣ? ಬೇಜಾರ್ ಮಾಡ್ಕೋಬಾರ್ದು."

"ಹೇಳೋ."

"ಪೂಜೆ. ಪೂಜೆ ಆಗ್ದೇ ಇರೋದು ನಂದೊಂದೇ. ಓಡ್ತಿರೋದೂ ನಂದೊಂದೇ."

"ಬಾಯ್ಮುಚ್ಕೊಂಡ್ ಕೂತ್ಕೋ. ಮುಂದಿನ್ ವರ್ಷ ನಿನ್ನನ್ನೇ ಕೂರಿಸಿ ಕುಂಬಳಕಾಯಿ ಒಡೀತೀನಿ," ಎಂದರು ಸಂಪಾದಕರು. ವಿನ್ಯಾಸಕಿ ಆ ದಿನ ಮೊದಲ ಸಲ ನಕ್ಕರು.

ನಾನು ನಗಲಿಲ್ಲ. ಅವನು ಹೇಳಿದ್ದು ತಮಾಷೆಗೇ ಆದರೂ ಸುದ್ದಿಯಾಗಿ ಸರಿಯಾಗಿತ್ತು. ಹಬ್ಬದ ಮುಂಚೆ ಎರಡೂ ಕಂಪ್ಯೂಟರ್ ಸರಿಯಿದ್ದವು. ನಡುವೆ ಆದದ್ದು ಪೂಜೆಯೊಂದೇ. ಪೂಜೆಯಲ್ಲಿ ಅವುಗಳಿಗೆ ಏನೇನಾಯಿತು ಎಂದು ಒಂದೊಂದಾಗಿ ಕೇಳುತ್ತಾ ಹೋದೆ. ನೀರು ಬಿತ್ತೇ? ಇಲ್ಲ, ಒಣಬಟ್ಟೆಯಲ್ಲಿ ಒರೆಸಿದ್ದು. ಕರ್ಪೂರ ಹತ್ತಿರ ಹೋಯಿತೇ? ಇಲ್ಲ. ತಂತಿಗಳನ್ನು ಅದಲುಬದಲು ಮಾಡಿ ಚುಚ್ಚಿದರೇ? ಇಲ್ಲ, ಬಣ್ಣ ನೋಡಿಕೊಂಡು ಚುಚ್ಚಿದ್ದರು.

"ಇವತ್ತು ಬೆಳಿಗ್ಗೆ ಆನ್ ಮಾಡಿದಾಗ ಬೇರೆ ಥರ ಏನಾದ್ರೂ ಬಂತಾ?"

"ಮೊದ್ಲು ಕಪ್ಪು ಸ್ಕ್ರೀನ್ ಬಂತು ಸಾರ್. ಬಿಳೀ ಅಕ್ಷರದಲ್ಲಿ ಏನೇನೋ ಇಂಗ್ಲಿಷು. ಕೊನೇಲಿ ಎಫ್ ಒನ್ ಒತ್ತಿ ಅಂತಿತ್ತು. ಒತ್ತಿದೆ, ಮುಂದಕ್ಕೆ ಹೋಯ್ತು."

"ಏನ್ ಬರೆದಿತ್ತು ಅಂತ ಓದಿಲ್ವಾ?"

"ಒತ್ತಿ ಅಂದ್ರೆ ಒತ್ತೋದು ತಾನೆ ಸಾರ್? ಇನ್ನೊಂದಕ್ಕೂ ಅದೇ ಬಂತು, ಅದಕ್ಕೂ ಒತ್ತಿದೆ."

ಇದನ್ನು ನೆನಪಿನಲ್ಲಿಟ್ಟುಕೊಂಡೆ, ಆದರೆ ಅದರ ಅರ್ಥ ನನಗೆ ಆಗ ಹೊಳೆಯಲಿಲ್ಲ. ಅಲ್ಲಿಗೆ ನನ್ನ ವಿಚಾರಣೆ ನಿಂತುಹೋಯಿತು. ಹನ್ನೆರಡು ಗಂಟೆ ಆಗಿರಬೇಕು. ರಿಪೇರಿಯವರು ಫೋನ್ ಮಾಡಿ, ಹೊರಟಿದ್ದೇನೆ, ಹೆಬ್ಬಾಳದ ಕಡೆಯಿಂದ ಬರುತ್ತೇನೆ ಎಂದರು.

ದಾರಿ ಕಾಣದಿದ್ದಾಗ ನಾನು ಪ್ರೂಫ್ ಓದುತ್ತೇನೆ. ಕೈಗೆ ಕೆಲಸ ಇದ್ದರೆ ತಲೆ ಸುಮ್ಮನಿರುತ್ತದೆ. ಪ್ರಿಂಟರಿಗೆ ಇಂಟರ್ನೆಟ್ ಬೇಕಿರಲಿಲ್ಲವಾದ್ದರಿಂದ, ವಿನ್ಯಾಸಕಿ ಹಬ್ಬದ ಮುಂಚೆ ಮುಗಿಯದೆ ಉಳಿದಿದ್ದ ಮೂರನೇ ಪುಟವನ್ನು ತೆರೆದು ಮುದ್ರಿಸಿ ಕೊಟ್ಟರು. "ಹೆಂಗೂ ಹೋಗೋದು ಡೌಟು. ಆದ್ರೂ ಓದಿಬಿಡಿ ಸಾರ್," ಎಂದರು.

ಪುಟ ಚೆನ್ನಾಗಿತ್ತು. ತಪ್ಪು ಇದ್ದದ್ದು ನೆತ್ತಿಯ ಮೇಲೆ. ಪತ್ರಿಕೆಯ ಹೆಸರಿನ ಪಕ್ಕ ಬರುವ ದಿನಾಂಕದಲ್ಲಿ ಗುರುವಾರ ಎಂದೇನೋ ಇತ್ತು, ಆದರೆ ತಿಂಗಳು ಜನವರಿ. ಇಸವಿ ಹನ್ನೆರಡು ವರ್ಷ ಹಿಂದಿನದು. ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ವಾಪಸ್ಸು ಕೊಟ್ಟೆ. ಅವರು ನೋಡಿ, ಇದು ಹೇಗೆ ಬಂತೋ ಎನ್ನುತ್ತಾ ಕೈಯಿಂದ ಸರಿಯಾದ ದಿನಾಂಕ ಹೊಡೆದರು. ಆಮೇಲೆ ಐದನೇ ಪುಟ ಕೊಟ್ಟರು. ಅದರ ನೆತ್ತಿಯ ಮೇಲೂ ಅದೇ ಜನವರಿ.

"ಇದೂ ಹಂಗೇ ಇದೆಯಲ್ಲಮ್ಮ."

"ನಾನ್ ಟೈಪ್ ಮಾಡಲ್ಲ ಸಾರ್ ಅದನ್ನ. ಹಳೇ ವಾರದ ದಿನಾಂಕ ಉಳ್ಕೊಂಡ್ಬಿಡತ್ತೆ ಅಂತ ನೀವೇ ಬೈತಿದ್ರಲ್ಲ, ಅದಕ್ಕೆ ತಾನೇ ಹಾಕ್ಕೊಳೋ ಹಾಗೆ ಮಾಡಿಟ್ಟಿದೀನಿ. ಪುಟ ಓಪನ್ ಮಾಡಿದ್ ದಿನ ನೋಡ್ಕೊಂಡು ಮುಂದಿನ ಗುರುವಾರದ್ದು ಹಾಕತ್ತೆ."

"ಓಪನ್ ಮಾಡಿದ್ ದಿನ ಯಾವ್ದು ಅಂತ ಅದಕ್ಕೆ ಹೇಗ್ ಗೊತ್ತಾಗತ್ತೆ?"

"ಕಂಪ್ಯೂಟರ್ ನೋಡ್ಕೊಳತ್ತೆ."

ಇಬ್ಬರೂ ಒಟ್ಟಿಗೇ ಪರದೆಯ ಬಲಗಡೆ ಕೆಳಮೂಲೆಯತ್ತ ನೋಡಿದೆವು. ಕಂಪ್ಯೂಟರ್ ದಿನವನ್ನೂ ಗಂಟೆಯನ್ನೂ ತೋರಿಸುವುದು ಅಲ್ಲಿ. ಅಲ್ಲಿ ಸೇವಂತಿಗೆ ಇತ್ತು. ಹಳದಿ, ದಪ್ಪ, ಇನ್ನೂ ಬಾಡಿರಲಿಲ್ಲ.

"ಅಣ್ಣ," ಎಂದೆ, "ಈ ಹೂ ತೆಗೀಬೇಕು."

"ಒಣಗ್ಲಿಲ್ಲವಲ್ರೀ ಇನ್ನೂ."

"ಒಣಗೋ ಹೊತ್ತಿಗೆ ಫಾರ್ಮ್ಯಾಟ್ ಆಗಿರತ್ತೆ."

ಅವರು ಎದ್ದು ಬಂದರು. ಕೈ ಮುಗಿದು, ಟೇಪನ್ನು ತಾವೇ ಉಗುರಿನಿಂದ ಬಿಡಿಸಿ, ಹೂವನ್ನು ತಮ್ಮ ಶರ್ಟಿನ ಜೇಬಿಗೆ ಹಾಕಿಕೊಂಡರು. ಅದರ ಹಿಂದೆ, ಜನವರಿ ಒಂದು. ಹನ್ನೆರಡು ವರ್ಷ ಹಿಂದಿನದು. ಪಕ್ಕದ ಕಂಪ್ಯೂಟರಿನ ಹೂ ತೆಗೆದಾಗ ಅಲ್ಲೂ ಅದೇ. ಎರಡನ್ನೂ ಒಂದೇ ಅಂಗಡಿಯಲ್ಲಿ, ಒಂದೇ ದಿನ ಕೊಂಡದ್ದು.

ಮುಂದಿನದೆಲ್ಲ ಸರಸರನೆ ಬಿಚ್ಚಿಕೊಂಡಿತು. ವರದಿಗಾರ ಲ್ಯಾಪ್‌ಟಾಪಿನಲ್ಲಿ ಹುಡುಕಿ ಓದಿ ಹೇಳಿದ. ಪ್ಲಗ್ ಕಿತ್ತಾಗಲೂ ದಿನಾಂಕ ನೆನಪಿಡಲು ಕಂಪ್ಯೂಟರಿನ ಒಳಗೆ ಕೈಗಡಿಯಾರದಲ್ಲಿರುವಂಥ ಒಂದು ಗುಂಡಗಿನ ಸೆಲ್ಲು ಇರುತ್ತದೆ. ನಮ್ಮ ಎರಡರಲ್ಲೂ ಅದು ಯಾವಾಗಲೋ ಸತ್ತಿತ್ತು. ಉಳಿದ ದಿನಗಳಲ್ಲಿ ಯುಪಿಎಸ್ ಇರುವುದರಿಂದ ಅದು ಯಾರಿಗೂ ಗೊತ್ತಾಗಿರಲಿಲ್ಲ. ಪೂಜೆಗೆಂದು ಎರಡು ದಿನ ಕರೆಂಟ್ ಪೂರ್ತಿ ತೆಗೆದಾಗ ಎರಡೂ ತಾವು ಹುಟ್ಟಿದ ವರ್ಷಕ್ಕೆ ಹೋಗಿ ಕೂತವು. ಅದನ್ನೇ ಆ ಕಪ್ಪು ಪರದೆ ಹೇಳಿ, ಎಫ್ ಒನ್ ಒತ್ತಿ ಎಂದಿತ್ತು. ವೆಬ್‌ಸೈಟುಗಳು ತಾವು ಅಸಲಿ ಎನ್ನುವುದಕ್ಕೆ ಒಂದು ಪ್ರಮಾಣಪತ್ರ ತೋರಿಸುತ್ತವೆ. ಅದಕ್ಕೆ ಇಂತಿಂಥ ದಿನದಿಂದ ಇಂತಿಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. ಹನ್ನೆರಡು ವರ್ಷ ಹಿಂದಿರುವ ಕಂಪ್ಯೂಟರಿಗೆ ಅವೆಲ್ಲ ಇನ್ನೂ ಶುರುವಾಗದ ಪತ್ರಗಳು, ಆದ್ದರಿಂದ ಎಲ್ಲರೂ ದಾಳಿಕೋರರು. ವೈರಸ್ ನಿರೋಧಕದ ಪರವಾನಗಿಯೂ ಹಾಗೆಯೇ. ಮತ್ತೆ ಆ ಕಾಣೆಯಾದ ಏಳನೇ ಪುಟ? ವಿನ್ಯಾಸಕಿ ಫೈಲುಗಳ ಸಾಲಿನ ಕೊನೆಯವರೆಗೂ ಇಳಿದು ನೋಡಿದರು. ಎಲ್ಲಕ್ಕಿಂತ ಹಳೆಯ ಫೈಲಾಗಿ, ಎಲ್ಲಕ್ಕಿಂತ ಕೆಳಗೆ ಕೂತಿತ್ತು.

ಆಗ ನಾನು ಕೆಂಪು ತ್ರಿಕೋನದ ಕೆಳಗಿದ್ದ ಸಣ್ಣ ಅಕ್ಷರದ ಸಂಕೇತವನ್ನು ಮೊದಲ ಬಾರಿ ಓದಿದೆ. ಅದರ ನಡುವೆ ಡೇಟ್ ಎಂಬ ಪದ ಸ್ಪಷ್ಟವಾಗಿಯೇ ಇತ್ತು.

ವಿನ್ಯಾಸಕಿ ದಿನಾಂಕ ಸರಿಪಡಿಸಿ, ಮುದ್ರಣಾಲಯದ ವೆಬ್‌ಸೈಟಿನ ಹೆಸರು ಹೊಡೆದು, ಎಂಟರ್ ಒತ್ತುವ ಮುಂಚೆ ಸಂಪಾದಕರತ್ತ ನೋಡಿದರು. ಅವರು ತಲೆಯಾಡಿಸಿದರು. ವೆಬ್‌ಸೈಟ್ ತೆರೆಯಿತು. ಸಂಪಾದಕರು ಕಿಟಕಿಯ ಬಳಿ ಹೋಗಿ, ಸಜ್ಜೆಯಿಂದ ಪ್ಲಾಸ್ಟಿಕ್ ಕವರನ್ನು ಎತ್ತಿ, ಗಂಟು ಬಿಚ್ಚಿ, ಪೆನ್‌ಡ್ರೈವನ್ನು ವಿನ್ಯಾಸಕಿಯ ಮೇಜಿನ ಮೇಲೆ ಇಟ್ಟರು. ಅದಕ್ಕೆ ಒಂದೆರಡು ಇರುವೆ ಹತ್ತಿದ್ದವು. ಅವನ್ನು ತಾವೇ ಊದಿ ಓಡಿಸಿದರು.

"ನಾನ್ ಆ ಮಾತ್ ಅನ್ಬಾರ್ದಿತ್ತಮ್ಮ," ಎಂದರು.

"ಬ್ಯಾನರ್ ಚೆನ್ನಾಗ್ ಬಂದಿತ್ತು ಅಣ್ಣ," ಎಂದರು ವಿನ್ಯಾಸಕಿ.

ಆರು ಪುಟಗಳನ್ನು ಮತ್ತೆ ತೆರೆದು, ದಿನಾಂಕ ನೋಡಿ, ಪಿಡಿಎಫ್ ಮಾಡಿದೆವು. ಎಂಟನೆಯದು ಪೂರ್ತಿ ಜಾಹೀರಾತಿನ ಪುಟ, ಅದಕ್ಕೆ ದಿನಾಂಕವೇ ಇಲ್ಲ. ಏಳನೆಯದು ಬೆಳಿಗ್ಗೆಯೇ ತಯಾರಾಗಿತ್ತು; ಅಷ್ಟು ಹೊತ್ತು ಹುಡುಕಿ ಸಿಕ್ಕಿದ್ದರಿಂದ ಅದನ್ನು ಎಲ್ಲಕ್ಕಿಂತ ಮೊದಲು ಕಳಿಸಿಬಿಟ್ಟಿದ್ದೆವು. ಸರದಿಗೆ ಇನ್ನೂ ಹೊತ್ತಿರುವಾಗಲೇ ಎಂಟೂ ತಲುಪಿದವು ಎಂದು ಮುದ್ರಣಾಲಯದಿಂದ ಫೋನ್ ಬಂತು.

ರಿಪೇರಿಯವರು ಬಂದಾಗ ಮೂರೂವರೆ. ಹೆಬ್ಬಾಳ ಫ್ಲೈಓವರಿನ ಮೇಲೆ ಲಾರಿಯೊಂದು ಕೆಟ್ಟು ನಿಂತಿತ್ತಂತೆ. ವಿಷಯ ಕೇಳಿ ಹಣೆ ಚಚ್ಚಿಕೊಂಡರು.

"ಡೇಟ್ ನೋಡಿಲ್ವಾ ಸಾರ್ ಯಾರೂ? ಎದುರಿಗೇ ಇರತ್ತಲ್ಲ, ಬಲಗಡೆ ಕೆಳಗೆ."

ಸಂಪಾದಕರ ಜೇಬಿನಿಂದ ಸೇವಂತಿಗೆ ಇಣುಕುತ್ತಿತ್ತು. ರಿಪೇರಿಯವರು ಎರಡಕ್ಕೂ ಹೊಸ ಸೆಲ್ಲು ಹಾಕಿ, ಉಳಿದಿದ್ದ ಕಡಲೆಪುರಿ ತಿಂದು, ಬಂದ ದಾರಿಯಲ್ಲಿ ಹೋಗಲು ಧೈರ್ಯ ಸಾಲದೆ ಸಿಂಗಾಪುರದ ಕಡೆಯಿಂದ ಹೊರಟರು. ಮುಂದಿನ ಆಯುಧಪೂಜೆಯಿಂದ ಹೂ ಎಡಗಡೆ ಮೇಲ್ಮೂಲೆಗೆ ಎಂದು ಸಂಪಾದಕರು ಅಲ್ಲೇ ಹೇಳಿಬಿಟ್ಟರು.

ಗುರುವಾರ ಸಂಚಿಕೆ ಬಂತು. ಮೊದಲ ಪುಟದಲ್ಲಿ ವಿನ್ಯಾಸಕಿಯ ಹೆಸರು ಇತ್ತು. ಅವರು ಅದನ್ನು ಬಸ್ಸಿನಲ್ಲಿ ಓದುವವರಂತೆ ಮಡಿಚಿ ಹಿಡಿದುಕೊಂಡು, ಮೊದಲು ಏಳನೇ ಪುಟ ತೆರೆದರು. ತೆರೆದವರು ಹಾಗೇ ನನ್ನ ಮೇಜಿಗೆ ಬಂದರು. ಕೈಪಂಪಿನ ಹಿಡಿಕೆ, ಬಾಯ್ತುಂಬ ನಗು, ಎಲ್ಲ ಅಚ್ಚ ಸ್ಪಷ್ಟ. ಪುಟದ ನೆತ್ತಿಯ ಮೇಲೆ ಮಾತ್ರ ಹನ್ನೆರಡು ವರ್ಷ ಹಿಂದಿನ ಜನವರಿಯ ಗುರುವಾರ. ಆ ಪುಟದ ಪ್ರೂಫನ್ನು ನಾನು ಓದಿದ್ದು ಹಬ್ಬದ ಮುಂಚೆ, ಆಗ ದಿನಾಂಕ ಸರಿಯಿತ್ತು. ಹಬ್ಬದ ನಂತರ, ಪಿಡಿಎಫ್ ಮಾಡಲು ಮತ್ತೆ ತೆರೆದಾಗ ಅದು ತಾನೇ ಬದಲಾಗಿತ್ತು.

ತಪ್ಪಾದರೆ ಮುಂದಿನ ಸಂಚಿಕೆಯ ಎರಡನೇ ಪುಟದಲ್ಲಿ ತಿದ್ದುಪಡಿ ಹಾಕುವುದು ನಮ್ಮಲ್ಲಿ ತಪ್ಪದ ಪದ್ಧತಿ. ನಾನು ಎರಡು ಸಾಲು ಬರೆದೆ. ಬರೆದು ಮುಗಿಸುವ ಹೊತ್ತಿಗೆ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಕೇಳಿಸಿತು. ಟ್ಯಾಂಕರ್ ಮಾಲೀಕರು ಪತ್ರಿಕೆಯನ್ನು ಕೈಯಲ್ಲಿ ಹಿಡಿದು ಬಂದಿದ್ದರು.

"ಕೂತ್ಕೊಳಿ," ಎಂದರು ಸಂಪಾದಕರು. "ಫೋಟೋ ಸರಿಯಾಗ್ ಬಂದಿದೆ. ಆ ಡೇಟ್ ಒಂದು ತಪ್ಪಾಗೋಯ್ತು. ಮುಂದಿನ ವಾರ ತಿದ್ದುಪಡಿ ಹಾಕ್ತೀವಿ. ನಿಮಗೆ ಫೋಟೋನೇ ಬೇರೆ ದೊಡ್ಡದಾಗಿ ಪ್ರಿಂಟ್ ಹಾಕ್ಸಿ ಕೊಡ್ತೀವಿ, ಕಟ್ಟು ಹಾಕಿಸ್ಕೊಳಿ."

ಅವರು ಕೂರಲಿಲ್ಲ. ಪತ್ರಿಕೆಯನ್ನು ಮೇಜಿನ ಮೇಲೆ ಹರಡಿ, ದಿನಾಂಕದ ಮೇಲೆ ಬೆರಳಿಟ್ಟರು.

"ಬೇರೆ ಬ್ಯಾಡ ಸಾರ್. ಇದನ್ನೇ ಕಟ್ಟು ಆಕಿಸ್ತೀನಿ, ಪೇಪರ್ನೇ. ತೇದಿ ಸಮೇತ."

"ತಪ್ಪು ತೇದಿ ಯಾಕೆ?" ಎಂದು ವಿನ್ಯಾಸಕಿ ಕೇಳಿದರು.

"ಅವ್ವ ಓಗಿ ಒಂಬತ್ ವರ್ಸ ಆಯ್ತು ಮೇಡಂ. ಈ ತೇದಿಲಿ ಗಟ್ಟಿಮುಟ್ಟಾಗಿದ್ಲು." ಅವರು ಪುಟವನ್ನು ಮೆಲ್ಲಗೆ ಮಡಿಚತೊಡಗಿದರು. "ಈ ಒತ್ತಿಗೆ ನೀರು ಬಿಡೋಕೆ ಯಾಕೋ ಓಗಿಲ್ಲ ಅಂತ ನಂಗೇ ಬೈತಿದ್ಲು."

ತಿದ್ದುಪಡಿಯನ್ನು ಮುಂದಿನ ವಾರ ಹಾಕಿದೆವು. ನಿಯಮ ನಿಯಮವೇ. ಈಚೆಗೆ ಆ ಕಡೆ ಹೋದಾಗ ಅವರ ಟ್ಯಾಂಕರ್ ಶೆಡ್ಡಿನ ಗೋಡೆ ನೋಡಿದೆ. ಗಾಜಿನ ಕಟ್ಟಿನೊಳಗೆ ಏಳನೇ ಪುಟ ಇದೆ, ಒಂದಂಚನ್ನೂ ಕತ್ತರಿಸಿಲ್ಲ. ಕಟ್ಟಿನ ಬಲಗಡೆ ಕೆಳಮೂಲೆಯಲ್ಲಿ ಒಂದು ಸೇವಂತಿಗೆ ಇತ್ತು. ದಿನಾಂಕ ಇರುವುದು ಮೇಲೆ. ಅದು ಚೆನ್ನಾಗಿ ಕಾಣುತ್ತಿತ್ತು.